ಪ್ರವಾಸದ ನೋಟ್‌ಬುಕ್ ತುಂಬಿದೆ, ಅದರಲ್ಲಿ ನಾನೇ ಇಲ್ಲ

ಕಿಟಕಿಸೀಟು:

ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚಾಗಿ ಒಬ್ಬಳೇ ಪ್ರವಾಸ ಹೋಗುವವಳು. ಹೋದಲ್ಲೆಲ್ಲ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯದೊಂದು ಸಿಕ್ಕಿತು, ಅಲ್ಲೇ ನೆಲದ ಮೇಲೆ ಕೂತು ಓದಿದೆ. ಒಂದು ಪುಟ ಹೀಗಿದೆ: "ಬೆಳಿಗ್ಗೆ 5.30ಕ್ಕೆ ಎದ್ದು ಬೆಟ್ಟ ಹತ್ತಿದೆ. ಸೂರ್ಯೋದಯ ಅದ್ಭುತ. ಮಧ್ಯಾಹ್ನ ಮ್ಯೂಸಿಯಂ, ಅದೂ ಅದ್ಭುತ. ರಾತ್ರಿ ರೈಲು 40 ನಿಮಿಷ ಲೇಟ್."

ಉಳಿದ ಪುಟಗಳೂ ಇದೇ ಥರ. ಯಾರು ಬೇಕಾದರೂ ಬರೆಯಬಹುದಾಗಿದ್ದ ಪುಟಗಳು. ಫೋನಿನಲ್ಲಿ ಫೋಟೋ ರಾಶಿ ಬಿದ್ದಿದೆ, ಅದನ್ನು ತೆರೆದು ನೋಡುವುದೇ ಇಲ್ಲ.

ಸದ್ಯ ಕೆಲಸದ ವಿಷಯದಲ್ಲಿ ನನಗೆ ಏನು ಬೇಕು ಅಂತಲೇ ಗೊತ್ತಾಗುತ್ತಿಲ್ಲ. ಮುಂದಿನ ತಿಂಗಳು ಸ್ವಲ್ಪ ಉದ್ದದ ಪ್ರವಾಸ ಇದೆ. "ಊರು ಸುತ್ತು, ನೀನು ಯಾರು ಅಂತ ತಿಳಿಯುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ನೀವು ಪ್ರವಾಸವನ್ನು ಹೇಗೆ ದಾಖಲಿಸುತ್ತೀರಿ? ಚಿತ್ರ, ಧ್ವನಿ, ಪತ್ರ, ಏನಾದರೂ ಸರಿ. ಅದರಿಂದ ನಿಜವಾಗಲೂ ನಿಮ್ಮ ಬಗ್ಗೆ ಏನಾದರೂ ಗೊತ್ತಾಯಿತಾ? ಅಥವಾ ನೋಡೋಕೆ ಚಂದದ ನೋಟ್‌ಬುಕ್ ಒಂದು ಉಳಿಯಿತು, ಅಷ್ಟೇನಾ? ಮೊದಲೇ ಹೇಳಿಬಿಡುತ್ತೇನೆ, ನನಗೆ ಚಿತ್ರ ಬಿಡಿಸಲು ಬರುವುದಿಲ್ಲ.

ನೀಲಿಶಾಯಿ:

ಕಿಟಕಿಸೀಟು ಅವರೇ, ಚಿತ್ರ ನನಗೂ ಬರುವುದಿಲ್ಲ. ನಾನು ಕುದುರೆ ಬಿಡಿಸಿದರೆ ನಾಯಿ ಅನ್ನುತ್ತಾರೆ. ಆದರೂ ಎಷ್ಟೋ ವರ್ಷಗಳಿಂದ ಬಿಡಿಸುತ್ತಿದ್ದೇನೆ. ಯಾಕೆ ಅಂದರೆ, ಬಿಡಿಸಬೇಕಾದರೆ ನೋಡಲೇಬೇಕು. "ಅದ್ಭುತ" ಅಂತ ಬರೆಯೋಕೆ ನೋಡುವ ಅಗತ್ಯವೇ ಇಲ್ಲ.

ಇದು ಬರೀ ನನ್ನ ಮಾತಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಲವು ಪದಗಳನ್ನು ಬರೆಯಿರಿ, ಕೆಲವನ್ನು ಚಿತ್ರವಾಗಿ ಬಿಡಿಸಿ ಅಂತ ಜನರಿಗೆ ಹೇಳಿದರು. ಆಮೇಲೆ ಕೇಳಿದಾಗ ಬಿಡಿಸಿದ ಪದಗಳೇ ಜಾಸ್ತಿ ನೆನಪಿದ್ದವು. ಚಿತ್ರ ಚೆನ್ನಾಗಿ ಬಂದಿರಲೇಬೇಕು ಅಂತೇನೂ ಇರಲಿಲ್ಲ. ಫೋಟೋ ವಿಷಯಕ್ಕೆ ಬಂದರೆ, ಲಿಂಡಾ ಹೆಂಕಲ್ ಅನ್ನುವ ಮನಶ್ಶಾಸ್ತ್ರಜ್ಞೆ ಜನರನ್ನು ಮ್ಯೂಸಿಯಂ ಒಳಗೆ ಸುತ್ತಾಡಿಸಿ ಪರೀಕ್ಷೆ ಮಾಡಿದ್ದರು. ಅದು 2014ರಲ್ಲಿ ಪ್ರಕಟವಾಯಿತು. ಸುಮ್ನೆ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಕಡಿಮೆ ನೆನಪಿದ್ದವು. ಕ್ಯಾಮೆರಾ ಇದೆಯಲ್ಲ ಅಂತ ತಲೆ ಕೈಬಿಟ್ಟುಬಿಡುತ್ತದೆ. ಆದರೆ ಜೂಮ್ ಮಾಡಿ ಒಂದು ಭಾಗವನ್ನಷ್ಟೇ ತೆಗೆದಾಗ ಈ ನಷ್ಟ ಆಗಲಿಲ್ಲ. ಹಾಗಾಗಿ ಫೋಟೋ ಬೇಕೇ ಬೇಕು ಅಂದರೆ ಇಡೀ ಗೋಪುರ ಬಿಡಿ, ಒಂದು ಕಲ್ಲು ತೆಗೆಯಿರಿ.

ನಾನು ಮಾಡುವುದು ಇಷ್ಟೇ. ದಿನಕ್ಕೆ ಒಂದು ಜಾಗದಲ್ಲಿ ಕಾಲು ಗಂಟೆ ಕೂರುತ್ತೇನೆ. ಪ್ರಸಿದ್ಧ ಜಾಗವೇ ಆಗಬೇಕಿಲ್ಲ. ಕಣ್ಣು ಎಲ್ಲಿ ನಿಲ್ಲುತ್ತದೋ ಅದನ್ನೇ ಬಿಡಿಸುತ್ತೇನೆ, ಪಕ್ಕದಲ್ಲಿ ಎರಡು ಸಾಲು ಬರೆಯುತ್ತೇನೆ. ಚೆಂದ, ಅದ್ಭುತ, ಮರೆಯಲಾಗದ, ಈ ಪದಗಳಿಗೆ ಪ್ರವೇಶ ಇಲ್ಲ.

ಒಂದು ಪುಟದ ವಿಷಯ ಹೇಳುತ್ತೇನೆ. ದೊಡ್ಡ ಗಡಿಯಾರ ಗೋಪುರ ಇರುವ ಚೌಕ ಅದು. ಎಲ್ಲರೂ ಕತ್ತು ಮೇಲೆತ್ತಿ ನಿಂತಿದ್ದರು. ನನ್ನ ಪುಟದಲ್ಲಿ ಗೋಪುರವೇ ಇಲ್ಲ. ಅದರ ನೆರಳಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದವರ ಕೈ ಇದೆ. ಬಾಯಲ್ಲಿ ದಾರ ಕಚ್ಚಿಕೊಂಡು, ಎಡಗೈ ಹೆಬ್ಬೆರಳಿನಿಂದ ಕಡ್ಡಿಯನ್ನು ಬಟ್ಟೆಗೆ ಒತ್ತಿ ಹಿಡಿದು, ಮೂರು ಸುತ್ತು ಸುತ್ತಿ ಗಂಟು ಹಾಕುತ್ತಿದ್ದರು. ಪ್ರತಿ ಗಂಟಾದ ಮೇಲೂ ಕೊಡೆಯನ್ನು ಅರ್ಧ ಬಿಚ್ಚಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಕಡ್ಡಿ ಕಿರ್ ಅನ್ನುತ್ತದಾ ಅಂತ ಕೇಳಿಸಿಕೊಳ್ಳಲು ಇರಬೇಕು.

ಆಗ ಇದರಲ್ಲಿ ವಿಶೇಷ ಏನೂ ಅನ್ನಿಸಲಿಲ್ಲ. ತುಂಬಾ ಕಾಲದ ನಂತರ ನೋಟ್‌ಬುಕ್‌ಗಳನ್ನೆಲ್ಲ ಸಾಲಾಗಿ ಹರಡಿ ನೋಡಿದೆ. ಬಲೆ ಹೆಣೆಯುವವರು, ಸೈಕಲ್ ಚೈನ್ ಹಾಕುವ ಹುಡುಗಿ, ಹಡಗಿಗೆ ಬಣ್ಣ ಹೊಡೆಯುವವರು. ಎಲ್ಲ ಕಡೆ ಕೈ, ಎಲ್ಲ ಕಡೆ ರಿಪೇರಿ. ಸಮುದ್ರದ ಪಕ್ಕ ವಾರಗಟ್ಟಲೆ ಇದ್ದೆ, ಒಂದು ಅಲೆಯೂ ಇಲ್ಲ! ನಾನು ಪ್ರಕೃತಿಪ್ರೇಮಿ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದವಳು. ಪುಟಗಳು ಬೇರೆಯದನ್ನೇ ಹೇಳುತ್ತಿದ್ದವು. ಆಗ ನನ್ನ ಕೆಲಸ ಪೂರ್ತಿ ಮೀಟಿಂಗು, ಮೇಲ್. ದಿನದ ಕೊನೆಗೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನೂ ಇರುತ್ತಿರಲಿಲ್ಲ. ಕೆಲಸ ಬಿಟ್ಟೆ ಅಂದುಕೊಳ್ಳಬೇಡಿ, ಅದೆಲ್ಲ ಸಿನಿಮಾದಲ್ಲಿ. ಪುಸ್ತಕದ ಬೈಂಡಿಂಗ್ ಕಲಿತೆ. ಈಗ ನನ್ನ ನೋಟ್‌ಬುಕ್ ನಾನೇ ಹೊಲಿಯುತ್ತೇನೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಗೊತ್ತಾಯಿತು. ಆದರೆ "ನಾನು ಯಾರು" ಅಂತ ಕೇಳಿಕೊಂಡು ಬರೆದ ಒಂದು ಪುಟದಿಂದಲೂ ಗೊತ್ತಾಗಲಿಲ್ಲ. ಅಂಥ ಪುಟಗಳೂ ಇವೆ, ಓದಿದರೆ ನಗು ಬರುತ್ತದೆ.

ಹಾದಿಹೋಕ:

ನೀಲಿಶಾಯಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಒಂದೇ ಪ್ರವಾಸವನ್ನು ಇಬ್ಬರು ಬರೆದರೆ ಮಜಾ ಇರುತ್ತದೆ.

ಜಪಾನಿನ ಕವಿ ಬಾಶೋ 1689ರಲ್ಲಿ ಉತ್ತರದ ಕಡೆ ದೊಡ್ಡ ಕಾಲ್ನಡಿಗೆ ಪ್ರವಾಸ ಹೊರಟರು. ಜೊತೆಗೆ ಶಿಷ್ಯ ಸೋರಾ. ಬಾಶೋ ಬರೆದದ್ದು ಲೋಕಪ್ರಸಿದ್ಧ. ಸೋರಾ ಕೂಡ ತನ್ನ ಪಾಡಿಗೆ ದಿನಚರಿ ಬರೆಯುತ್ತಿದ್ದರು. ತಾರೀಕು, ಹವಾಮಾನ, ಉಳಿದುಕೊಂಡ ಜಾಗ, ಹೀಗೆ. ಅದು ಅಚ್ಚಾಗಿ ಹೊರಬಂದದ್ದು 1943ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಾಳೆಯಾಗದ ಕಡೆಗಳು ಎಷ್ಟೋ ಕಂಡವು. ಒಂದು ತಂಗುಮನೆಯಲ್ಲಿ ಇಬ್ಬರು ವೇಶ್ಯೆಯರು ಸಿಕ್ಕ ಪ್ರಸಂಗವನ್ನು ಬಾಶೋ ಬರೆದು, ಅದನ್ನು ಸೋರಾಗೆ ಹೇಳಿದೆ, ಅವನು ಬರೆದುಕೊಂಡ ಅಂತಲೂ ಸೇರಿಸಿದ್ದಾರೆ. ಸೋರಾ ದಿನಚರಿಯಲ್ಲಿ ಅದರ ಸುಳಿವೇ ಇಲ್ಲ! ಬಾಶೋ ಪ್ರವಾಸ ಮುಗಿದ ಮೇಲೂ ವರ್ಷಗಟ್ಟಲೆ ಆ ಬರಹವನ್ನು ತಿದ್ದುತ್ತಿದ್ದರು. ಸುಳ್ಳು ಬರೆದರು ಅಂತ ನನಗೆ ಅನ್ನಿಸುವುದಿಲ್ಲ. ಆ ದಾರಿಯಲ್ಲಿ ಅವರಿಗೆ ಏನು ಕಾಣಬೇಕಿತ್ತು ಅನ್ನುವುದು ಅಲ್ಲಿದೆ.

ಇದನ್ನು ಓದಿದ ಮೇಲೆ ನಾನೂ ನಮ್ಮ ಅಕ್ಕನೂ ಒಂದು ಒಪ್ಪಂದ ಮಾಡಿಕೊಂಡೆವು. ಇಬ್ಬರೂ ಬರೆಯುವುದು, ವಾಪಸ್ ಬರುವ ತನಕ ತೋರಿಸಬಾರದು. ಬಂದು ಅದಲು ಬದಲು ಮಾಡಿಕೊಂಡೆವು. ನನ್ನದರಲ್ಲಿ ದಾರಿ, ನಕ್ಷೆ, ಯಾವ ಬಸ್ ಎಲ್ಲಿ ತಪ್ಪಿತು. ಅವಳದರಲ್ಲಿ ಬರೀ ಜನರ ಮಾತು. ಮಧ್ಯೆ ಮಧ್ಯೆ ನಾನು. "ತಮ್ಮ ಇವತ್ತೂ ಹತ್ತು ಹೆಜ್ಜೆ ಮುಂದೆ. ಅವನ ಬೆನ್ನು ನೋಡಿಕೊಂಡೇ ಈ ಊರು ನೋಡಿದೆ." ಇಂಥದ್ದು ನಾನು ಎಷ್ಟೇ ಬರೆದರೂ ನನ್ನ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ, ನನ್ನ ಬೆನ್ನು ನನಗೆ ಕಾಣಲ್ಲವಲ್ಲ.

ಇನ್ನೊಂದು, ಧ್ವನಿ. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ನೀವು ಮಾತಾಡಬೇಡಿ. ಮ್ಯೂಸಿಯಂನಲ್ಲೇ ನಡೆಸಿದ 2017ರ ಇನ್ನೊಂದು ಅಧ್ಯಯನದಲ್ಲಿ, ತಮಗೆ ಬೇಕಾದ್ದನ್ನು ಆರಿಸಿ ಫೋಟೋ ತೆಗೆದವರಿಗೆ ಕಣ್ಣಿಗೆ ಕಂಡದ್ದು ಜಾಸ್ತಿ ನೆನಪಿತ್ತು, ಕಿವಿಗೆ ಬಿದ್ದದ್ದು ಕಡಿಮೆ. ಕ್ಯಾಮೆರಾ ಹಿಡಿದಾಗ ಕಿವಿ ಮುಚ್ಚಿಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ.

ಸಂಜೆಗಣ್ಣು:

ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ "ನನ್ನನ್ನು ನಾನು ಹುಡುಕುವುದು" ಈಗ ದೊಡ್ಡ ವ್ಯಾಪಾರ. ನೋಟ್‌ಬುಕ್, ಸ್ಟಿಕರ್, ಬಣ್ಣದ ಟೇಪು, ಅದಕ್ಕೊಂದು ಆನ್‌ಲೈನ್ ಕ್ಲಾಸು. ಪ್ರವಾಸಕ್ಕಿಂತ ಅದರ ಅಲಂಕಾರಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ.

ಮುಖ್ಯವಾಗಿ, ಯಾರಿಗೂ ತೋರಿಸಬೇಡಿ. ಜಾಲತಾಣಕ್ಕೆ ಹಾಕಬೇಕು ಅಂತಲೇ ಫೋಟೋ ತೆಗೆಯುವವರಿಗೆ ಆ ಹೊತ್ತಿನ ಖುಷಿ ಕಡಿಮೆಯಾಗುತ್ತದೆ ಅಂತ 2018ರ ಒಂದು ಸಂಶೋಧನೆ ಹೇಳುತ್ತದೆ. ನೋಡುವವರು ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ಅಲ್ಲೇ ಶುರುವಾಗುತ್ತದಂತೆ. ನೋಟ್‌ಬುಕ್ಕಿಗೂ ಇದೇ ಮಾತು. ನಾಲ್ಕು ಜನ ನೋಡುತ್ತಾರೆ ಅಂತ ಗೊತ್ತಿದ್ದರೆ ಬೇಸರ ಬಂದ ದಿನ, ಜಗಳ ಆಡಿದ ದಿನ, ಹೋಟೆಲ್ ರೂಮಿನಲ್ಲಿ ಮಲಗಿಯೇ ಕಳೆದ ದಿನ, ಇವನ್ನೆಲ್ಲ ಬರೆಯುತ್ತೀರಾ? ನನ್ನ ಪ್ರಕಾರ ಅವೇ ಕೆಲಸಕ್ಕೆ ಬರುವ ಪುಟಗಳು.

ಕಿಟಕಿಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿಶಾಯಿ ಅವರ ಮಾತು ಓದಿ ನನ್ನ ಹಳೆಯ ನೋಟ್‌ಬುಕ್ ಇನ್ನೊಮ್ಮೆ ತಿರುವಿ ಹಾಕಿದೆ. ಎಲ್ಲ ಕಡೆ ಟೈಮ್ ಬರೆದಿದ್ದೇನೆ! ಎಷ್ಟಕ್ಕೆ ಎದ್ದೆ, ಎಷ್ಟಕ್ಕೆ ತಲುಪಿದೆ, ಎಷ್ಟು ಲೇಟ್ ಆಯಿತು. ರಜೆಯಲ್ಲೂ ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದ ಹಾಗಿದೆ. ಯಾರಿಗೆ ಅಂತ ಯೋಚಿಸುತ್ತಿದ್ದೇನೆ.

ಎರಡು ಪ್ರಶ್ನೆ. ಅವತ್ತೇ ಬರೆಯಬೇಕಾ, ಮನೆಗೆ ಬಂದು ಬರೆದರೆ ಆಗುತ್ತಾ? ಟಿಕೆಟ್, ರಸೀದಿ ಅಂಟಿಸುವುದು ಸುಮ್ನೆ ಕಸ ಅನ್ನಿಸುತ್ತಾ ನಿಮಗೆ?

ನೀಲಿಶಾಯಿ:

ಎರಡೂ ಸಲ ಬರೆಯಿರಿ. ಫ್ರೆಂಚ್ ಚಿತ್ರಕಾರ ದೆಲಾಕ್ರವಾ 1832ರಲ್ಲಿ ಮೊರಾಕೊಗೆ ಹೋದಾಗ ನೋಟ್‌ಬುಕ್ ತುಂಬಾ ಅವಸರದ ಗೆರೆಗಳು, ಪಕ್ಕದಲ್ಲೇ ಯಾವ ಬಟ್ಟೆಗೆ ಯಾವ ಬಣ್ಣ ಅಂತ ಬರಹ. ಅಲ್ಲಿ ಕಂಡದ್ದನ್ನು ಸಾಯುವ ತನಕ ಚಿತ್ರಿಸುತ್ತಲೇ ಇದ್ದರು. ಆದರೆ 1853ರಲ್ಲಿ ತಮ್ಮ ದಿನಚರಿಯಲ್ಲಿ, ಸಣ್ಣಪುಟ್ಟ ವಿವರ ಮರೆತ ಮೇಲೆಯೇ ಆ ಪ್ರವಾಸದಿಂದ ಏನಾದರೂ ಸುಮಾರಾದದ್ದು ಮಾಡಲು ಸಾಧ್ಯವಾಯಿತು ಅನ್ನುವ ಅರ್ಥದಲ್ಲಿ ಬರೆದುಕೊಂಡರು. ಅಷ್ಟೆಲ್ಲ ವಿವರ ಹಿಡಿದವರೇ ಹೀಗೆ ಹೇಳಿದ್ದು ನನಗೆ ತುಂಬಾ ಇಷ್ಟ.

ನಾನು ಸ್ಥಳದಲ್ಲಿ ಬಲಪುಟ ಮಾತ್ರ ತುಂಬಿಸುತ್ತೇನೆ, ಎಡಪುಟ ಖಾಲಿ. ಕೆಲವು ತಿಂಗಳು ಬಿಟ್ಟು ಬಲಪುಟ ಓದಿ, ಎಡಪುಟದಲ್ಲಿ ಈಗ ಏನನ್ನಿಸುತ್ತದೆ ಅಂತ ಬರೆಯುತ್ತೇನೆ. ಎಷ್ಟೋ ಸಲ ಬರೆಯಲು ಏನೂ ಇರುವುದಿಲ್ಲ, ಬಿಟ್ಟುಬಿಡಿ. ಟೈಮ್ ಬರೆಯುವುದನ್ನೂ ಬಲವಂತವಾಗಿ ನಿಲ್ಲಿಸಬೇಡಿ. ಯಾವ ದಿನ ತಾನಾಗಿ ಬಿಟ್ಟುಹೋಯಿತು ಅಂತ ಆಮೇಲೆ ನೋಡಿ.

ರಸೀದಿ ಕಸ ಅಲ್ಲ. ಆದರೆ ಮಿಷಿನ್ನಿನಲ್ಲಿ ಬರುವ ನುಣುಪು ಕಾಗದದ ರಸೀದಿ ಬಿಸಿ, ಬೆಳಕಿಗೆ ಮಾಸಿಹೋಗುತ್ತದೆ. ಅದು ಥರ್ಮಲ್ ಕಾಗದ, ಶಾಯಿಯೇ ಇರುವುದಿಲ್ಲ. ಅದನ್ನು ಜೆರಾಕ್ಸ್ ಮಾಡಿ ಅಂಟಿಸಿ. ಮಳೆಯ ಜಾಗಕ್ಕೆ ಹೋಗುವುದಾದರೆ ಪೆನ್ಸಿಲ್ ಇಟ್ಟುಕೊಳ್ಳಿ, ನೀರಿಗೆ ಹರಡುವುದಿಲ್ಲ. ಸ್ಪೈರಲ್ ಪುಸ್ತಕ ತಗೊಳ್ಳುವುದಾದರೆ, ನೀವು ಎಡಗೈಯವರಾ? ಹಾಗಿದ್ದರೆ ನಾನು ಹೇಳಿದ್ದನ್ನು ಉಲ್ಟಾ ಮಾಡಿ. ಬಲಪುಟದಲ್ಲಿ ಬರೆಯಲು ಹೋದರೆ ಆ ತಂತಿ ಕೈಗೆ ಚುಚ್ಚುತ್ತಲೇ ಇರುತ್ತದೆ.