ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಕೋರ್ಸ್: 3 ಮೀಟರ್ ಇಳಿದರೆ ಬಲಗಿವಿ ನೋವು, ಮಾತ್ರೆ ತಗೊಂಡು ಇಳಿಯಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಓಪನ್ ವಾಟರ್ ಕೋರ್ಸ್‌ಗೆ ಅಂತ ಅಂಡಮಾನ್‌ನ ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ ಬಂದಿದ್ದೇನೆ. ಎದೆಮಟ್ಟದ ನೀರಿನಲ್ಲಿ ಕಲಿಸಿದ್ದೆಲ್ಲ ಚೆನ್ನಾಗಿಯೇ ಬಂತು. ಮಾಸ್ಕ್‌ಗೆ ನೀರು ತುಂಬಿಸಿ ಖಾಲಿ ಮಾಡುವುದು, ಉಸಿರಾಡುವ ಸಾಧನ, ಅಂದರೆ ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು, ಯಾವುದಕ್ಕೂ ಹೆದರಲಿಲ್ಲ.

ನಿನ್ನೆ ನೀಮೋ ರೀಫ್‌ನಲ್ಲಿ ಮೊದಲ ಡೈವ್. 3 ಮೀಟರ್‌ಗೆ ಬಲಗಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಮೂಗು ಹಿಡಿದು ಊದಿದೆ. ಎಡಗಿವಿ ಟಪ್ ಅಂತ ಬಿಟ್ಟಿತು, ಬಲಗಿವಿ ಬಿಡಲಿಲ್ಲ. ಇನ್ನೂ ಜೋರಾಗಿ ಊದು ಅಂತ ಇನ್‌ಸ್ಟ್ರಕ್ಟರ್ ಸನ್ನೆ ಮಾಡಿದರು. ಊದಿದೆ, ನೋವು ಜಾಸ್ತಿ ಆಯಿತು, ಮೇಲೆ ಬಂದುಬಿಟ್ಟೆ. ಈಗ ಆ ಕಿವಿಗೆ ಹತ್ತಿ ತುರುಕಿದ ಹಾಗಿದೆ. ನಾಲ್ಕು ದಿನ ಬಿಟ್ಟು ಫ್ಲೈಟ್ ಇದೆ. ನೆಗಡಿ ಮಾತ್ರೆ ತಗೊಂಡು ನಾಳೆ ಇಳಿದರೆ ಆಗುತ್ತಾ?

ಉತ್ತರ

ನಾಳೆ ಖಂಡಿತ ಇಳಿಯಬೇಡಿ ಮೇಡಂ. ಮೊದಲು ಇಷ್ಟು ಹೇಳಿ. ತಲೆ ಸುತ್ತುತ್ತಿದೆಯಾ? ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ? ಮೂಗು ಕಟ್ಟಿತ್ತಾ? ತಲೆ ಕೆಳಗೆ ಮಾಡಿ ಇಳಿದಿರಾ, ಕಾಲು ಕೆಳಗೆ ಮಾಡಿಯಾ?

ಪ್ರಶ್ನೆ ಕೇಳಿದವರು

ತಲೆಸುತ್ತು, ಗುಂಯ್ ಶಬ್ದ ಎರಡೂ ಇಲ್ಲ. ಫೆರಿ ಇಳಿದಾಗಿನಿಂದ ಸ್ವಲ್ಪ ಮೂಗು ಕಟ್ಟಿದೆ. ಮೀನು ನೋಡುವ ಆಸೆಗೆ ತಲೆ ಕೆಳಗೆ ಮಾಡಿಯೇ ಇಳಿದೆ. ನೋವು ಶುರುವಾದ ಮೇಲೆ ಊದಿದ್ದು.

ಉತ್ತರ

ಕಾರಣ ಅಲ್ಲೇ ಇದೆ ನೋಡಿ. ನೀರಿನ ಮೇಲೆ ಒತ್ತಡ 1 ಬಾರ್, 10 ಮೀಟರ್‌ನಲ್ಲಿ 2, 20 ಮೀಟರ್‌ನಲ್ಲಿ 3. ಕಿವಿಯೊಳಗಿನ ಗಾಳಿ ಮೊದಲ 10 ಮೀಟರ್‌ನಲ್ಲೇ ಅರ್ಧಕ್ಕೆ ಕುಗ್ಗುತ್ತದೆ. ಅದಕ್ಕೇ ಮೇಲಿನ ನಾಲ್ಕೈದು ಮೀಟರ್‌ನಲ್ಲೇ ಕಿವಿಗೆ ಕಷ್ಟ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯುಸ್ಟೇಶಿಯನ್ ಕೊಳವೆ ತೆರೆದು ಗಾಳಿ ಒಳಗೆ ಹೋದರೆ ಸರಿ. ನೋವು ಬರುವವರೆಗೆ ಕಾದರೆ ಆ ಕೊಳವೆಯ ಬಾಯಿ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ. ಆಮೇಲೆ ಎಷ್ಟು ಊದಿದರೂ ಬಿಡುವುದಿಲ್ಲ. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ಆ ಸಲಹೆ ತಪ್ಪು, ದಯವಿಟ್ಟು ಇನ್ನೊಮ್ಮೆ ಯಾರು ಹೇಳಿದರೂ ಕೇಳಬೇಡಿ.

ಮಾತ್ರೆ ಯಾಕೆ ಬೇಡ ಅಂದರೆ, ಅದರ ಪ್ರಭಾವ ನೀರಿನೊಳಗೆ ಇರುವಾಗಲೇ ಇಳಿದುಹೋಗಬಹುದು. ಆಗ ಮೇಲೆ ಬರುವಾಗ ಕಿವಿಯಲ್ಲಿ ಹಿಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕೆಳಗೆ ಇಳಿಯದೆ ಇರಬಹುದು, ಮೇಲೆ ಬರದೆ ಇರೋಕಾಗುತ್ತಾ?

ಇವತ್ತೇ ಡಾಕ್ಟರಿಗೆ ಕಿವಿ ತೋರಿಸಿ. ಫ್ಲೈಟ್ ಬಗ್ಗೆಯೂ ಅವರನ್ನೇ ಕೇಳಿ. ತಲೆಸುತ್ತು ಬಂದರೆ ಅಥವಾ ಕಿವಿ ಇದ್ದಕ್ಕಿದ್ದಂತೆ ಕೇಳಿಸದಿದ್ದರೆ ಒಂದು ಗಂಟೆಯೂ ಕಾಯದೆ ಇಎನ್‌ಟಿ ಹತ್ತಿರ ಹೋಗಿ.

ಮುಂದಿನ ಸಲ ದೋಣಿಯಲ್ಲಿ ಕೂತಾಗಲೇ ಒಮ್ಮೆ ಈಕ್ವಲೈಸ್ ಮಾಡಿ, ಅಂದರೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಿ. ಹಗ್ಗ ಹಿಡಿದು, ಕಾಲು ಕೆಳಗೆ ಮಾಡಿ ಇಳಿಯಿರಿ. ಅರ್ಧ ಮೀಟರ್‌ಗೊಮ್ಮೆ, ನೋವಿಗೆ ಮುಂಚೆಯೇ, ಮೆಲ್ಲಗೆ ಮಾಡುತ್ತಿರಿ. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು, ಎಡಕ್ಕೆ ತಲೆ ವಾಲಿಸಿ, ಮೂಗು ಹಿಡಿದೇ ಉಗುಳು ನುಂಗಿ. ಹಸ್ತವನ್ನು ಅತ್ತಿತ್ತ ಅಲ್ಲಾಡಿಸಿ ಕಿವಿ ತೋರಿಸಿದರೆ ಇನ್‌ಸ್ಟ್ರಕ್ಟರ್ ನಿಲ್ಲಲೇಬೇಕು.

ಇನ್ನೊಬ್ಬರು

ಕೋರ್ಸ್ ಅರ್ಧಕ್ಕೆ ನಿಂತಿತು ಅಂತ ಬೇಜಾರು ಮಾಡ್ಕೋಬೇಡಿ. ಥಿಯರಿ ಮತ್ತು ಆಳವಿಲ್ಲದ ನೀರಿನ ಪಾಠ ಮುಗಿದಿದ್ದರೆ ರೆಫರಲ್ ಪತ್ರ, ಅಂದರೆ ಮುಗಿಸಿದ ಪಾಠಗಳ ದಾಖಲೆ ಕೇಳಿ. ಸಾಮಾನ್ಯವಾಗಿ 12 ತಿಂಗಳೊಳಗೆ ಉಳಿದ ನಾಲ್ಕು ಸಮುದ್ರ ಡೈವ್‌ಗಳನ್ನು ಬೇರೆ ಕಡೆ ಮುಗಿಸಬಹುದು. ನಮ್ಮ ಮುರುಡೇಶ್ವರದ ನೇತ್ರಾಣಿ ಇದೆಯಲ್ಲ! ಮಳೆಗಾಲ ಬಿಟ್ಟು ಹೋಗಿ.

ಪ್ರಶ್ನೆ ಕೇಳಿದವರು, ಮೂರು ತಿಂಗಳ ನಂತರ

ಇಲ್ಲಿ ಬಂದು ಹೇಳಲೇಬೇಕು ಅನ್ನಿಸಿತು. ಅವತ್ತು ಡಾಕ್ಟರ್ ನೋಡಿ, ತಮಟೆ ಕೆಂಪಾಗಿದೆ, ತೂತಾಗಿಲ್ಲ, ವಾಸಿಯಾಗುವವರೆಗೆ ಡೈವ್ ಬೇಡ ಅಂದರು. ರೆಫರಲ್ ತಗೊಂಡು ಬಂದೆ. ಊರಿಗೆ ಬಂದ ಮೇಲೆ ಇಎನ್‌ಟಿ ಸರಿಯಿದೆ ಅಂದ ಮೇಲೆಯೇ ನೇತ್ರಾಣಿಗೆ ಹೋಗಿದ್ದು.

ಈ ಸಲ ಇನ್‌ಸ್ಟ್ರಕ್ಟರ್‌ಗೆ ಮೊದಲೇ ಎಲ್ಲ ಹೇಳಿದ್ದೆ. 4 ಮೀಟರ್‌ನಲ್ಲಿ ಬಲಗಿವಿ ಮತ್ತೆ ಹಠ ಹಿಡಿಯಿತು. ಸನ್ನೆ ಮಾಡಿದೆ, ಇಬ್ಬರೂ ಒಂದು ಮೀಟರ್ ಮೇಲೆ ಬಂದೆವು. ತಲೆ ವಾಲಿಸಿ ಉಗುಳು ನುಂಗಿದೆ. ಕಿರ್ರ್ ಅಂತ ಸಣ್ಣ ಸದ್ದು, ಅಷ್ಟೇ! 12 ಮೀಟರ್ ಮುಟ್ಟುವಷ್ಟರಲ್ಲಿ ಇಪ್ಪತ್ತು ಸಲವಾದರೂ ಮೂಗು ಹಿಡಿದಿರಬೇಕು. ಬಂಡೆ ಕೆರೆಯುತ್ತಿದ್ದ ಪ್ಯಾರಟ್ ಫಿಶ್‌ನ ಕಟಕಟ ಸದ್ದು ಬಲಗಿವಿಗೂ ಕೇಳಿಸಿತು. ನಾಲ್ಕೂ ಡೈವ್ ಮುಗಿದವು. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್.