ಮಧ್ಯಾಹ್ನವಾದರೆ ಮ್ಯೂಆನ್ ಜಾಸ್ತಿ ಬೀಳುತ್ತವಾ? ಎಸ್‌ಐಪಿಎಂ ಗೊತ್ತಿರುವವರು ಹೇಳಿ

ಮೂಡಿಗೆರೆ_ಅಟ್ಟ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ಎರಡು ಎಕರೆ ಕಾಫಿ ನನ್ನದು. ಮಳೆಗಾಲದಲ್ಲಿ ಮನೆಯೊಳಗೆ ಕೂತು ಕೂತು ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿತು. ಎಂಐಟಿಯವರ ಕಾಸ್ಮಿಕ್‌ವಾಚ್ ವಿನ್ಯಾಸ ನೋಡಿಕೊಂಡು ಆಕಾಶದಿಂದ ಸದಾ ಬೀಳುವ ಮ್ಯೂಆನ್ ಅನ್ನುವ ಕಣಗಳನ್ನು ಎಣಿಸುವ ಡಬ್ಬಿ ಮಾಡಿದ್ದೇನೆ. 5 ಸೆಂ.ಮೀ. ಚದರದ ಸಿಂಟಿಲೇಟರ್ ಪ್ಲಾಸ್ಟಿಕ್ (ಕಣ ಹಾದುಹೋದರೆ ಮಿನುಗುವಂಥದ್ದು), ಅದಕ್ಕೆ ಅಂಟಿಸಿದ 6 ಮಿ.ಮೀ. ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ (ಆ ಮಿನುಗನ್ನು ಹಿಡಿಯುವ ಚಿಪ್), ಅದಕ್ಕೆ 29.5 ವೋಲ್ಟ್, ಕೊನೆಗೆ ಎಣಿಕೆ ಬರೆದುಕೊಳ್ಳಲು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. (ಸಿಲಿಕಾನ್ ಫೋಟೋಮಲ್ಟಿಪ್ಲೈಯರನ್ನು ಚಿಕ್ಕದಾಗಿ ಸಿಪಿಎಂ ಅಂತ ಬರೆದರೆ ಪಕ್ಷದ ಹೆಸರಾಗುತ್ತದೆ, ಎಸ್‌ಐಪಿಎಂ ಅನ್ನೋಣ.) ಪ್ಲಾಸ್ಟಿಕ್ ಸುತ್ತ ಫಾಯಿಲ್, ಅದರ ಮೇಲೆ ಕರಿ ಟೇಪ್. ಇಡೀ ಸೆಟ್ಟು ಅಮ್ಮನ ಕೋಡುಬಳೆ ಡಬ್ಬಿಯಲ್ಲಿ, ಅಟ್ಟದ ಮೇಲೆ.

ತೊಂದರೆ ಏನಂದ್ರೆ, ಬೆಳಗ್ಗೆ 6ಕ್ಕೆ ನಿಮಿಷಕ್ಕೆ 90 ಎಣಿಕೆ ಬರುತ್ತದೆ. ಮಧ್ಯಾಹ್ನ 2ಕ್ಕೆ 400! ಒಂದು ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಅಂತ ಓದಿದ್ದೆ. ಆ ಲೆಕ್ಕಕ್ಕೆ ನನಗೆ 25ರ ಆಸುಪಾಸು ಬರಬೇಕು. ಸಂಜೆಯಾದರೆ ಎಣಿಕೆ ತಾನಾಗಿಯೇ ಇಳಿಯುತ್ತದೆ. ಎಲ್ಲಿ ತಪ್ಪಿದೆ?

ಸೋಲ್ಡರ್_ಹೊಗೆ:

ಅಟ್ಟದಲ್ಲಿ ಗಾಜಿನ ಹೆಂಚು ಇದೆಯಾ? ಇದ್ದರೆ ಅಲ್ಲೇ ಉತ್ತರ ಇದೆ. ಟೇಪಿನ ಸಂದಿಯಲ್ಲಿ ಬೆಳಕು ನುಗ್ಗುತ್ತಿದೆ. ದಪ್ಪಗೆ ಏನಾದರೂ ಹೊದಿಸಿ ನೋಡಿ.

ಮೂಡಿಗೆರೆ_ಅಟ್ಟ:

ಇದೆ, ಸರಿಯಾಗಿ ಡಬ್ಬಿಯ ಮೇಲೇ ಇದೆ! ನೀವು ಹೇಳಿದಿರಿ ಅಂತ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ. ಅರ್ಧ ಗಂಟೆಯಲ್ಲಿ 400 ಇದ್ದದ್ದು 520 ಆಯಿತು. ಈಗ ನನಗೆ ಏನೂ ಅರ್ಥವಾಗುತ್ತಿಲ್ಲ ಮಾರಾಯ್ರೆ.

ಹಾಸನದ_ಹಳೇ_ಟ್ಯೂಬು:

ಕಂಬಳಿ ಹೊದಿಸಿದ್ದು ಒಳ್ಳೇದಾಯಿತು, ನಿಮ್ಮ ಡಬ್ಬಿಯ ಗುಟ್ಟು ಅದರಿಂದಲೇ ಹೊರಬಿತ್ತು. ಬೆಳಕು ಕಾರಣವಾಗಿದ್ದರೆ ಎಣಿಕೆ ಇಳಿಯಬೇಕಿತ್ತು. ಬೋರ್ಡಿನ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಕೂತಿತು, ಎಣಿಕೆ ಏರಿತು. ನೀವು ಎಣಿಸುತ್ತಿರುವುದು ಬಹುಪಾಲು ಬಿಸಿಯನ್ನು.

ನಾನು ಹಾಸನದವನು, ರಿಟೈರ್ ಆದವನು. ಇಡೀ ಸರ್ವಿಸ್ ಉಪಕರಣ ರಿಪೇರಿಯಲ್ಲೇ ಕಳೆಯಿತು. ನಮ್ಮ ಕಾಲದ ಫೋಟೋಮಲ್ಟಿಪ್ಲೈಯರ್ ಅಂದರೆ ಗಾಜಿನ ಟ್ಯೂಬು. ಅದಕ್ಕೆ ಸಾವಿರ ವೋಲ್ಟ್ ಬೇಕು. ವೋಲ್ಟೇಜ್ ಇರುವಾಗ ಮುಚ್ಚಳ ತೆಗೆದು ಬೆಳಕು ಬಿದ್ದರೆ ಟ್ಯೂಬ್ ಹೋಯಿತು ಅಂತಲೇ ಲೆಕ್ಕ. ಒಂದು ಸಲ ನಾನೇ ಆ ಕೆಲಸ ಮಾಡಿ ಬೈಸಿಕೊಂಡಿದ್ದೇನೆ. ಅಂಥ ಟ್ಯೂಬುಗಳನ್ನು ಸಿಂಟಿಲೇಟರ್‌ಗೆ ಜೋಡಿಸಿಯೇ 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿ.ಮೀ.ಗೂ ಜಾಸ್ತಿ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಕಣಗಳನ್ನು ಹಿಡಿದರು. ಈಗ ಆ ಟ್ಯೂಬಿನ ಕೆಲಸಕ್ಕೆ ನಿಮ್ಮ ಹತ್ತಿರ ಉಗುರಿಗಿಂತ ಚಿಕ್ಕ ಚಿಪ್ ಇದೆ, 30 ವೋಲ್ಟ್ ಸಾಕು.

ಆದರೆ ಅದು ಒಂದು ಡಯೋಡ್ ಅಲ್ಲ. ಕಾಸ್ಮಿಕ್‌ವಾಚ್‌ನವರು ಹಾಕುವ ಚಿಪ್ಪೇ ನಿಮ್ಮದೂ ಆದರೆ ಒಳಗೆ ಸುಮಾರು 19 ಸಾವಿರ ಪುಟಾಣಿ ಡಯೋಡ್‌ಗಳಿವೆ. ಒಂದೊಂದಕ್ಕೂ ಅದರದೇ ರೆಸಿಸ್ಟರ್, ಎಲ್ಲವೂ ಪ್ಯಾರಲಲ್. 24.5 ವೋಲ್ಟಿನ ಆಸುಪಾಸಿನಲ್ಲಿ ಇವು ಬ್ರೇಕ್‌ಡೌನ್ ಆಗುತ್ತವೆ, ಅಂದರೆ ಕರೆಂಟನ್ನು ತಡೆಯಲಾರದ ಸ್ಥಿತಿಗೆ ಬರುತ್ತವೆ. ನೀವು ಅದಕ್ಕಿಂತ 5 ವೋಲ್ಟ್ ಜಾಸ್ತಿ ಕೊಟ್ಟಿದ್ದೀರಿ. ಆದರೂ ಸುಮ್ನೆ ಕೂತಿರುತ್ತವೆ, ಯಾಕಂದ್ರೆ ಶುರು ಮಾಡಲು ಒಂದಾದರೂ ಎಲೆಕ್ಟ್ರಾನ್ ಬೇಕು. ಒಂದು ಫೋಟಾನ್ (ಬೆಳಕಿನ ಕಣ) ಬಿದ್ದು ಒಂದು ಎಲೆಕ್ಟ್ರಾನನ್ನು ಬಿಡಿಸಿತು ಅಂದುಕೊಳ್ಳಿ. ಅದು ಓಡಿ ಇನ್ನೊಂದನ್ನು ಗುದ್ದುತ್ತದೆ, ಆ ಎರಡು ನಾಲ್ಕಾಗುತ್ತವೆ, ಕಣ್ಣು ಮಿಟುಕಿಸುವುದಿರಲಿ, ನ್ಯಾನೊಸೆಕೆಂಡ್ ಮುಗಿಯುವಷ್ಟರಲ್ಲಿ 30 ಲಕ್ಷ ದಾಟುತ್ತವೆ. ಅಷ್ಟು ಕರೆಂಟ್ ಹರಿದ ಕೂಡಲೇ ರೆಸಿಸ್ಟರ್ ವೋಲ್ಟೇಜ್ ನುಂಗಿಕೊಳ್ಳುತ್ತದೆ. ಡಯೋಡ್ 24.5ಕ್ಕೆ ಇಳಿದು ಹರಿವು ತಾನಾಗಿ ನಿಲ್ಲುತ್ತದೆ.

ನಮ್ಮ ಬಚ್ಚಲಿನ ಫ್ಲಶ್ ಟ್ಯಾಂಕ್ ಇದೆಯಲ್ಲ, ಹಾಗೆಯೇ ಇದು. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಬೀಳುವುದು ಒಂದು ಟ್ಯಾಂಕ್ ನೀರೇ. ಧಡ್ ಅಂತ ಖಾಲಿ, ಆಮೇಲೆ ಸಣ್ಣ ಪೈಪಿನಲ್ಲಿ ನಿಧಾನಕ್ಕೆ ತುಂಬುತ್ತದೆ. ಆ ಸಣ್ಣ ಪೈಪೇ ರೆಸಿಸ್ಟರ್. ಹಾಗಾಗಿ ಒಂದು ಡಯೋಡ್‌ಗೆ ಹೇಳಲು ಬರುವುದು ಒಂದೇ ಮಾತು, "ಬಿತ್ತು". ಎಷ್ಟು ಬಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಎಷ್ಟು ಟ್ಯಾಂಕ್ ಒಟ್ಟಿಗೆ ಖಾಲಿಯಾದವು ಅನ್ನುವುದೇ ನಿಮ್ಮ ಸಿಗ್ನಲ್ಲಿನ ಎತ್ತರ.

ಈಗ ಬಿಸಿಗೆ ಬನ್ನಿ. ಸಿಲಿಕಾನ್ ಬೆಚ್ಚಗಾದರೆ ಎಲೆಕ್ಟ್ರಾನ್ ತಾನಾಗಿಯೂ ಕಳಚಿಕೊಳ್ಳುತ್ತದೆ. ಫೋಟಾನ್ ಬಿಡಿಸಿದ್ದೋ ಬಿಸಿ ಬಿಡಿಸಿದ್ದೋ ಅಂತ ಡಯೋಡ್ ವಿಚಾರಿಸುವುದಿಲ್ಲ, ಎರಡಕ್ಕೂ ಅಷ್ಟೇ ದೊಡ್ಡ ಹರಿವು. ನಿಮ್ಮ ಚಿಪ್ಪಿನಲ್ಲಿ ಕಗ್ಗತ್ತಲಲ್ಲೂ ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಇಂಥ ಸುಳ್ಳು ಹರಿವು ಇರುತ್ತದೆ. ಸುಮಾರು 10 ಡಿಗ್ರಿ ಏರಿದರೆ ಅದು ಎರಡು ಪಟ್ಟು. ಒಂಟಿ ಡಯೋಡಿನದಾದ್ದರಿಂದ ಇವು ಕುಳ್ಳ ಸಿಗ್ನಲ್. ಆದರೆ ಒಂದು ಡಯೋಡ್ ಹರಿದಾಗ ಅದೇ ಸ್ವಲ್ಪ ಬೆಳಕು ಬಿಡುತ್ತದೆ, ಅದು ಪಕ್ಕದ್ದನ್ನೂ ಎಬ್ಬಿಸುತ್ತದೆ. (ಇಲ್ಲಿ ನನ್ನ ಫ್ಲಶ್ ಟ್ಯಾಂಕ್ ಕೈ ಕೊಟ್ಟಿತು, ಪಕ್ಕದ ಮನೆ ಟ್ಯಾಂಕ್ ಯಾರೂ ಒತ್ತುವುದಿಲ್ಲ.) ಹೀಗೆ ಎರಡು, ಮೂರು, ಅಪರೂಪಕ್ಕೆ ಎಂಟು ಹತ್ತು ಒಟ್ಟಿಗೆ ಹರಿದರೆ ನಿಮ್ಮ ಆರ್ಡುಯಿನೊ "ಮ್ಯೂಆನ್!" ಅಂತ ಬರೆದುಕೊಳ್ಳುತ್ತದೆ.

ಮಧ್ಯಾಹ್ನ 2ಕ್ಕೇ ಕೂತು ಥ್ರೆಶೋಲ್ಡನ್ನು (ಎಷ್ಟು ಎತ್ತರದ ಸಿಗ್ನಲ್ ಆದರೆ ಎಣಿಸಬೇಕು ಅನ್ನುವ ಗಡಿಯನ್ನು) ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ, ಪ್ರತಿ ಸಲ ಎಣಿಕೆ ಬರೆದಿಡಿ. ಮೊದಲು ದಬದಬ ಇಳಿಯುತ್ತದೆ, ಒಂದು ಕಡೆ ಇಳಿತ ನಿಧಾನವಾಗುತ್ತದೆ. ಅಲ್ಲಿ ನಿಲ್ಲಿಸಿ. ಆಮೇಲೂ 25ಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಕಲ್ಲು ಮಣ್ಣಿನ ಗಾಮಾ ಕಿರಣವೂ ಒಂಟಿ ಡಬ್ಬಿಯಲ್ಲಿ ಎಣಿಕೆಯಾಗುತ್ತದೆ. ಅದು ಬೇಡ ಅಂದರೆ ಎರಡನೇ ಡಬ್ಬಿ ಮಾಡಿ ಒಂದರ ಮೇಲೊಂದು ಇಡಿ. ಮ್ಯೂಆನ್ ಎರಡನ್ನೂ ತೂರಿಕೊಂಡು ಹೋಗುತ್ತದೆ, ಹಾಗಾಗಿ ಎರಡೂ ಒಟ್ಟಿಗೆ "ಬಿತ್ತು" ಅಂದರೆ ಮಾತ್ರ ಎಣಿಸಿ.

ಕಾಫಿ_ಕಾಲೇಜು:

ಸಾರ್, ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಹರಿವು ನ್ಯಾನೊಸೆಕೆಂಡಿನಲ್ಲಿ ಮುಗಿಯುತ್ತದೆ ಅಂದಿರಿ. ಆರ್ಡುಯಿನೊ ಒಂದು ಸಲ ವೋಲ್ಟೇಜ್ ಓದಲು 100 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. ಹೇಗೆ ಸಿಗುತ್ತದೆ?

ಹಾಸನದ_ಹಳೇ_ಟ್ಯೂಬು:

ಒಳ್ಳೇ ಪ್ರಶ್ನೆ ಕಣಪ್ಪಾ. ಸಿಗುವುದಿಲ್ಲ. ಹರಿವು ನಡೆಯುವ ಪದರ ಮೈಕ್ರಾನ್ ಲೆಕ್ಕದ ತೆಳು, ಅದಕ್ಕೇ ಸಿಗ್ನಲ್ ಏರುವುದು ಅಷ್ಟು ಬೇಗ. ಇಳಿಯುವುದು ಮಾತ್ರ ನಿಧಾನ, ಟ್ಯಾಂಕ್ ತುಂಬಬೇಕಲ್ಲ. ಈ ಚಿಪ್ಪಿಗೆ 100 ನ್ಯಾನೊಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಅದೂ ಆರ್ಡುಯಿನೊಗೆ ಸಾಲದು. ಹಾಗಾಗಿ ನಡುವೆ ಪೀಕ್ ಡಿಟೆಕ್ಟರ್ ಇರುತ್ತದೆ. ಸಿಗ್ನಲ್ಲಿನ ತುದಿ ಎಲ್ಲಿಯವರೆಗೆ ಹೋಯಿತೋ ಅಷ್ಟನ್ನು ಒಂದು ಕೆಪಾಸಿಟರ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆರ್ಡುಯಿನೊ ಬಂದು ನಿಧಾನಕ್ಕೆ ಓದಿಕೊಳ್ಳುತ್ತದೆ.

ಮೂಡಿಗೆರೆ_ಅಟ್ಟ:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಫಿ ಕೊಯ್ಲು, ಒಣಗಿಸುವುದು ಅಂತ ಪುರುಸೊತ್ತೇ ಸಿಗಲಿಲ್ಲ. ಥ್ರೆಶೋಲ್ಡ್ ಏರಿಸಿದ ದಿನವೇ ಮಧ್ಯಾಹ್ನದ 400 ಹೋಗಿ 80 ಆಯಿತು. ಈಗ ಎರಡನೇ ಡಬ್ಬಿಯೂ ತಯಾರು. ಒಂದರ ಮೇಲೊಂದು ಇಟ್ಟರೆ ಬೆಳಗ್ಗೆ ನಿಮಿಷಕ್ಕೆ 13, ಮಧ್ಯಾಹ್ನ 13, ಒಮ್ಮೊಮ್ಮೆ 14. ಗಾಜಿನ ಹೆಂಚಿನ ಕೆಳಗೇ, ಕಂಬಳಿ ಇಲ್ಲದೆ! ಅಮ್ಮನ ಚಕ್ಕುಲಿ ಡಬ್ಬಿಯೂ ಹೋಯಿತು, ಅದರ ಬಗ್ಗೆ ಮನೆಯಲ್ಲಿ ಮಾತು ನಡೆಯುತ್ತಿದೆ.

ಮುಂದಿನ ವಾರ ಎರಡನ್ನೂ ಮುಳ್ಳಯ್ಯನಗಿರಿಗೆ ಒಯ್ಯಬೇಕು ಅಂತಿದ್ದೇನೆ. ಸುಮಾರು 1,930 ಮೀಟರ್ ಎತ್ತರ, ಎಣಿಕೆ ಏರಬೇಕು ಅಲ್ವಾ? ಅಲ್ಲಿನ ಚಳಿಗೆ ವೋಲ್ಟೇಜ್ ಬದಲಿಸಬೇಕಾ ಸಾರ್?

ಹಾಸನದ_ಹಳೇ_ಟ್ಯೂಬು:

ಏರುತ್ತದೆ. ವೋಲ್ಟೇಜ್ ಮುಟ್ಟಬೇಡಿ. ಒಂದು ಡಿಗ್ರಿ ಇಳಿದರೆ ಬ್ರೇಕ್‌ಡೌನ್ ವೋಲ್ಟೇಜ್ ಸುಮಾರು 21 ಮಿಲಿವೋಲ್ಟ್ ಇಳಿಯುತ್ತದೆ, ಅಂದರೆ 15 ಡಿಗ್ರಿಗೆ 0.3 ವೋಲ್ಟ್. ನಿಮ್ಮ 5 ವೋಲ್ಟ್ 5.3 ಆಗುತ್ತದೆ, ಸಿಗ್ನಲ್ ಚೂರು ಎತ್ತರವಾಗುತ್ತದೆ. ಥರ್ಮಾಮೀಟರನ್ನು ಡಬ್ಬಿಯೊಳಗೇ ಇಟ್ಟು ಎಣಿಕೆಯ ಪಕ್ಕದಲ್ಲಿ ಡಿಗ್ರಿಯನ್ನೂ ಬರೆದುಕೊಳ್ಳಿ. ಗಾಳಿ ಜೋರಿರುತ್ತದೆ, ಡಬ್ಬಿಗೆ ಹಗ್ಗ ಕಟ್ಟಿ.