ಸಹಾಯ ಬೇಕು: 'ನುಡಿ' ಫಾಂಟಲ್ಲಿರೋ ಪುಸ್ತಕನ ಯೂನಿಕೋಡ್‌ಗೆ ತರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನೇ ದುಡ್ಡು ಹಾಕಿ ಒಂದು ಕಥಾಸಂಕಲನ ಅಚ್ಚು ಮಾಡಿಸಿದ್ದೆ. ಪ್ರತಿಗಳು ಬಹುತೇಕ ಮುಗಿದಿವೆ, ಈಗ ಇ-ಪುಸ್ತಕ ಮಾಡಬೇಕು. ಈಚೆಗೆ ನಾನು ಓದೋದೆಲ್ಲ ಫೋನಲ್ಲೇ, ಆಫೀಸಿಗೆ ಹೋಗೋ ಬಸ್ಸಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು. ನನ್ನ ಕಥೆಗಳನ್ನೂ ಜನ ಹಾಗೆ ಓದಲಿ ಅಂತ ತುಂಬಾ ಆಸೆ. ಅದಕ್ಕೇ ಪಿಡಿಎಫ್ ಸಾಲದು, ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳೋ ಇ-ಪುಸ್ತಕ ರೂಪ ಈಪಬ್ಬೇ (EPUB) ಬೇಕು.

ನಾನು ಬರೆಯೋದು ಯೂನಿಕೋಡ್‌ನಲ್ಲಿ, ಅಂದ್ರೆ ಫೋನು, ವೆಬ್ಬು ಎಲ್ಲ ಕಡೆ ಕನ್ನಡವಾಗೇ ಕಾಣೋ ಅಕ್ಷರ ಸಂಕೇತದಲ್ಲಿ. ಪುಟ ಜೋಡಿಸಿದ ಡಿಟಿಪಿಯವರು ಪೇಜ್‌ಮೇಕರ್ ಅನ್ನೋ ಪುಟವಿನ್ಯಾಸ ತಂತ್ರಾಂಶಕ್ಕೋಸ್ಕರ ಅದನ್ನ 'ನುಡಿ' ತಂತ್ರಾಂಶದ ಆಸ್ಕಿ ಫಾಂಟ್‌ಗೆ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿರೋ ಹಳೇ ಬಗೆ) ಬದಲಾಯಿಸಿದ್ರು. ಕರಡು ತಿದ್ದಿದ್ದು, ಕೊನೆ ಗಳಿಗೆಯಲ್ಲಿ ಹೊಸದಾಗಿ ಬರೆದ ಪ್ಯಾರಾಗಳು, ಎಲ್ಲ ಆ ಫೈಲಲ್ಲಿ ಮಾತ್ರ ಇವೆ. ನನ್ನ ಹತ್ರ ಇರೋದು ಹಳೇ ಪಠ್ಯ.

ಪುಸ್ತಕದ ಪಿಡಿಎಫ್‌ನಿಂದ ಕಾಪಿ ಮಾಡಿ, ಆಸ್ಕಿಯನ್ನ ಯೂನಿಕೋಡ್ ಮಾಡೋ ಪರಿವರ್ತಕಕ್ಕೆ ಹಾಕಿ ನೋಡಿದೆ. ಪ್ರತಿ ಸಾಲೂ ತುಂಡಾಗಿ ಬರುತ್ತೆ. ಅರ್ಕಾವತ್ತಿನದ್ದೇ ದೊಡ್ಡ ತಲೆನೋವು: 'ವರ್ಷ' ಹೋಗಿ 'ವಷರ್', 'ಕರ್ನಾಟಕ' ಹೋಗಿ 'ಕನರ್ಾಟಕ'. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು, ಕಾರಣ ಗೊತ್ತಿದೆ. ಆದ್ರೆ ಹುಡುಕಿ ಬದಲಿಸೋಕೆ ಹೋದ್ರೆ 'ಅವರ್', 'ಸಾರ್' ತರಹದ ಸರಿಯಾದ ಪದಗಳೂ ಕೆಡ್ತವೆ. ಸಂಭಾಷಣೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿದ್ದ ಪದಗಳಂತೂ ಗುರುತೇ ಸಿಗದಂಗಾಗಿವೆ. ಪುಟದ ಚಿತ್ರದಿಂದ ಅಕ್ಷರ ಗುರುತಿಸೋ ಓಸಿಆರ್‌ನಲ್ಲಿ ಒತ್ತಕ್ಷರ ತಪ್ಪುತ್ತೆ.

ಡಿಟಿಪಿಯವರು ಪೇಜ್‌ಮೇಕರ್ ಫೈಲ್ ಕೊಡೋಕೆ ಒಪ್ಪಿದ್ದಾರೆ. ಅದರಿಂದ ಪಠ್ಯವನ್ನ ಯಾವ ರೂಪದಲ್ಲಿ ತೆಗೆಸಿಕೊಂಡ್ರೆ ಪ್ಯಾರಾ, ಅರ್ಕಾವತ್ತು, ಇಂಗ್ಲಿಷ್ ಪದ ಮೂರೂ ಉಳಿತವೆ? ಯಾವ ಪರಿವರ್ತಕ ಬಳಸಬೇಕು? ಇಲ್ಲಾ ಹಳೇ ಪಠ್ಯ ಇಟ್ಕೊಂಡು ಅಚ್ಚಾದ ಪುಸ್ತಕ ನೋಡಿ ಕೈಯಾರೆ ತಿದ್ದೋದೇ ವಾಸಿನಾ? ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.